ಬೇಡ ಎನ್ನಲು ಒಂದು ಶಾಲು

ಲಿಂಕೋಪಿಂಗ್ ಊರಿನ ಅಂಚಿನಲ್ಲಿರುವ ಎಲ್ಮ್‌ಬಾಕಾ ಐಸ್ ಹಾಕಿ ಕ್ಲಬ್ಬಿನ ಎಪ್ಪತ್ತು ವರ್ಷಗಳ ಇತಿಹಾಸದಲ್ಲಿ ಮೂರು ದುರಂತಗಳು ನಡೆದಿವೆ. ಒಂದು, ಹಿಮದ ಭಾರಕ್ಕೆ ಛಾವಣಿ ಕುಸಿದದ್ದು. ಎರಡು, ಐಸ್ ನಯ ಮಾಡುವ ಯಂತ್ರವನ್ನು ಯಾರೋ ಕದ್ದು ಪೆಟ್ರೋಲ್ ಬಂಕಿನವರೆಗೆ ಓಡಿಸಿಕೊಂಡು ಹೋದದ್ದು. ಮೂರು, ನಮ್ಮ ರಘುನಾಥ. ಮೊದಲ ಎರಡಕ್ಕೆ ವಿಮೆ ಇತ್ತು.

ರಘುನಾಥ ಸಾಫ್ಟ್‌ವೇರ್ ಪರೀಕ್ಷಿಸುವ ಎಂಜಿನಿಯರು. ಸ್ವೀಡನ್ನಿಗೆ ಬಂದು ಎಂಟು ವರ್ಷವಾಗಿದೆ. ಹಾಕಿಗೂ ಅವನಿಗೂ ಇದ್ದ ಸಂಬಂಧ ಒಂದೇ: ಹನ್ನೊಂದು ವರ್ಷದ ಮಗಳು ಕೃತಿ ಕ್ಲಬ್ಬಿನ ಹುಡುಗಿಯರ ತಂಡಕ್ಕೆ ಗೋಲ್‌ಕೀಪರ್. ಈ ದೇಶದಲ್ಲಿ ಮಕ್ಕಳು ಆಡಿದರೆ ಅಪ್ಪ ಅಮ್ಮ ದುಡಿಯಬೇಕು. ಸರದಿಯ ಪ್ರಕಾರ ಕಿಯೋಸ್ಕಿನಲ್ಲಿ ನಿಂತು ಸಾಸೇಜು ಮಾರಬೇಕು. ವರ್ಷಕ್ಕೆ ಎರಡು ಸಲ ಟಾಯ್ಲೆಟ್ ಪೇಪರಿನ ದೊಡ್ಡ ಕಟ್ಟುಗಳನ್ನು ಪರಿಚಿತರಿಗೆಲ್ಲ ಮಾರಿ ತಂಡಕ್ಕೆ ದುಡ್ಡು ಕೂಡಿಸಬೇಕು. ಲಿಂಕೋಪಿಂಗಿನ ಪ್ರತಿಯೊಂದು ಕನ್ನಡ ಮನೆಯಲ್ಲೂ ನಲವತ್ತೆಂಟು ರೋಲು ಇರುವುದು ಈ ಕಾರಣಕ್ಕೆ. ಅವು ಖರ್ಚಾಗುವ ಲಕ್ಷಣ ಕಾಣದಿರುವುದು ಬೇರೆ ಕಾರಣಕ್ಕೆ.

ಆಗಸ್ಟ್ ತಿಂಗಳ ಒಂದು ಶನಿವಾರ ಅವನು ಕಿಯೋಸ್ಕಿನಲ್ಲಿ ಸಾಸೇಜು ಹೊರಳಿಸುತ್ತ ನಿಂತಿದ್ದಾಗ ಎದುರಿಗೆ ಎರಡು ಕಾಫಿ ಕಪ್ಪುಗಳು ಒಂದು ಸಮಸ್ಯೆಯನ್ನು ಚರ್ಚಿಸುತ್ತಿದ್ದವು. ಒಂದು ಕಪ್ಪಿನ ಹಿಂದೆ ಕ್ಲಬ್ಬಿನ ಅಧ್ಯಕ್ಷೆ ಗುನಿಲ್ಲಾ, ನಿವೃತ್ತ ಮುಖ್ಯೋಪಾಧ್ಯಾಯಿನಿ. ಇನ್ನೊಂದರ ಹಿಂದೆ ಖಜಾಂಚಿ ಬೋರ್ಯೆ. ಸಮಸ್ಯೆಯ ಹೆಸರು ಕೆಂಟ್ ಓಕರ್‌ಲುಂಡ್. ವಯಸ್ಸು ನಲವತ್ತೊಂದು. ಇಪ್ಪತ್ತು ವರ್ಷದ ಹಿಂದೆ ಯಾವುದೋ ಫೈನಲ್ಲಿನಲ್ಲಿ ಅವನು ಹೊಡೆದ ಗೋಲನ್ನು ತಾನು ಎಲ್ಲಿ ಕೂತು ನೋಡಿದೆ ಎಂಬುದನ್ನು ಈ ಊರಿನ ನಡುವಯಸ್ಸಿನವರು ತಮ್ಮ ಮದುವೆಯ ದಿನಕ್ಕಿಂತ ಚೆನ್ನಾಗಿ ನೆನಪಿಟ್ಟುಕೊಂಡಿದ್ದಾರೆ. ಈಗ ಟೈರ್ ಅಂಗಡಿಯಲ್ಲಿ ಕೆಲಸ. ಕೊನೆಯದಾಗಿ ಒಂದು ಸೀಸನ್ ಹುಟ್ಟೂರಿನ ಕ್ಲಬ್ಬಿಗೆ ಆಡಬೇಕೆಂದು ಅವನಿಗೆ ಆಸೆ. ಅದಕ್ಕೆ ಕೇಳಿದ್ದು ಎರಡು ಲಕ್ಷ ನಲವತ್ತು ಸಾವಿರ ಕ್ರೋನಾ.

ಕ್ಲಬ್ಬು ತನಗೆ ತಾನೇ ಸಂಬಳದ ಮಿತಿಯೊಂದನ್ನು ಹಾಕಿಕೊಂಡಿತ್ತು. ಆಟಗಾರರು, ಕೋಚ್‌ಗಳು ಎಲ್ಲ ಸೇರಿ ವರ್ಷಕ್ಕೆ ಆರು ಲಕ್ಷ; ಒಂದು ಕ್ರೋನಾ ಹೆಚ್ಚಿಲ್ಲ. ಕೆಂಟ್ ಬಂದರೆ ಯಾರಾದರೂ ಹೋಗಬೇಕು. ಹೋಗಬೇಕಾದವಳು ಹುಡುಗಿಯರ ಕೋಚ್ ಆನಿಕಾ. ಕೋಚ್ ಇಲ್ಲದೆ ಮಕ್ಕಳನ್ನು ಐಸಿಗೆ ಇಳಿಸುವಂತಿಲ್ಲ. ಅಂದರೆ ಕೆಂಟ್ ಬಂದರೆ ಕೃತಿಯ ತಂಡವೇ ಇಲ್ಲ.

ರಘುನಾಥ ಇಕ್ಕಳ ಕೆಳಗಿಟ್ಟ. ಅಲ್ಲಿಯೇ ಅವನು ಈ ಕಥೆಯ ಮೊದಲ ಮತ್ತು ಅತಿ ಸಣ್ಣ ಸುಳ್ಳನ್ನು ಹೇಳಿದ.

"ಬೆಂಗಳೂರಿನಲ್ಲಿ ನಾನು ಆಯ್ಕೆ ಸಮಿತಿಯಲ್ಲಿದ್ದೆ. ಇಂಥ ವಿಷಯಕ್ಕೆ ಒಂದು ಲೆಕ್ಕ ಇದೆ."

ಅವನು ಸಮಿತಿಯಲ್ಲಿದ್ದದ್ದು ನಿಜ. ಅದು ಅವನ ಹಳೆಯ ಕಂಪನಿಯ ಕ್ರಿಕೆಟ್ ತಂಡದ ಸಮಿತಿ. ಅವನು ಆಯ್ಕೆ ಮಾಡುತ್ತಿದ್ದದ್ದು ಮಧ್ಯಾಹ್ನದ ಊಟವನ್ನು.

ಆ ವಾರವೆಲ್ಲ ಕೂತು ಅವನು ಒಂದು ಎಕ್ಸೆಲ್ ಹಾಳೆ ಮಾಡಿದ. ವಯಸ್ಸು, ಮಂಡಿಯ ಆಪರೇಷನ್ನುಗಳು, ಕಳೆದ ಸೀಸನ್ನಿನ ಗೋಲುಗಳು ಎಲ್ಲಕ್ಕೂ ಒಂದೊಂದು ಕಾಲಂ. ಮಂಡಿಗೆ ಕೆಂಪು ಬಣ್ಣ. ಕೆಳಗೆ ಉತ್ತರ: ಹೆಚ್ಚೆಂದರೆ ಎಂಟು ಗೋಲು, ಒಂದೊಂದಕ್ಕೆ ಮೂವತ್ತು ಸಾವಿರ ಕ್ರೋನಾ.

ಕ್ಲಬ್ಬಿನ ಸಭೆಯಲ್ಲಿ ಒಂಬತ್ತು ಜನ ಆ ಹಾಳೆಯನ್ನು ಪರದೆಯ ಮೇಲೆ ನೋಡಿದರು. ಸ್ವೀಡನ್ನಿನ ಸಭೆ ಎಂದರೆ ಎಲ್ಲರೂ ಒಪ್ಪುವವರೆಗೆ ಕಾಫಿ ಕುಡಿಯುವುದು. ಅಂದು ಒಂದೇ ಕಪ್ಪಿಗೆ ಎಲ್ಲರೂ ಒಪ್ಪಿದರು. ಕೆಂಟ್ ಬೇಡ. ಯೋಗ್ಯವಲ್ಲ. ದುಬಾರಿ.

"ಹಾಗಾದರೆ ಅವನಿಗೆ ಹೇಳಬೇಕು," ಎಂದಳು ಗುನಿಲ್ಲಾ.

ಒಂಬತ್ತು ಜನರೂ ತಮ್ಮ ತಮ್ಮ ಕಪ್ಪಿನೊಳಗೆ ನೋಡಿದರು.

"ನನ್ನ ಕೋಣೆಯಲ್ಲಿ ಅವನ ಪೋಸ್ಟರ್ ಇತ್ತು," ಎಂದ ಬೋರ್ಯೆ. ಆಗ ಅವನಿಗೆ ಮೂವತ್ತೆಂಟು ವರ್ಷ ಎಂಬುದನ್ನು ಯಾರೂ ಎತ್ತಲಿಲ್ಲ.

"ನನ್ನ ಕಾರಿನ ಟೈರು ಅವನ ಹತ್ತಿರವೇ ಇದೆ," ಎಂದರು ಇನ್ನೊಬ್ಬರು.

ಗುನಿಲ್ಲಾ ನಿಧಾನವಾಗಿ ತಲೆಯೆತ್ತಿದಳು. "ರಘು, ನಿನಗೆ ಅವನ ಬಗ್ಗೆ ಯಾವ ಭಾವನೆಯೂ ಇಲ್ಲ, ಅಲ್ಲವಾ?"

"ಇಲ್ಲ," ಎಂದ ರಘುನಾಥ. ಅವನು ಜೀವನದಲ್ಲಿ ಇಲ್ಲ ಎಂದದ್ದು ಅದೇ ಕೊನೆಯ ಸಲ. ಅದೂ ತಪ್ಪು ಜಾಗದಲ್ಲಿ.

ಮನೆಯಲ್ಲಿ ಹೆಂಡತಿ ಪಾವನಾ ಇದನ್ನು ಕೇಳಿ ಸೌಟನ್ನು ಸಾರಿನೊಳಗೇ ಬಿಟ್ಟಳು.

"ನೀವಾ? ನೀವು ಹೇಳ್ತೀರಾ ಬೇಡ ಅಂತ? ರೀ, ಹೋದ ವರ್ಷ ಸೋಲಾರ್ ಪ್ಯಾನೆಲ್‌ನವನು ಬಂದಾಗ ಏನಂದ್ರಿ?"

"ನೋಡೋಣ ಅಂದೆ."

"ನಾವಿರೋದು ಬಾಡಿಗೆ ಫ್ಲ್ಯಾಟು, ಮೂರನೇ ಫ್ಲೋರು. ಅವನು ಅಳತೆ ತಗೊಂಡು ಹೋದ!"

"ಅದು ಬೇರೆ ಕಣೇ. ಇದು ಅಫಿಶಿಯಲ್."

"ಬೇಡ ಅನ್ನೋದು ಎರಡಕ್ಷರ. ಸ್ವೀಡಿಷಲ್ಲಿ ಒಂದೇ. ನಿಮ್ಮ ಮಗಳು ದಿನಕ್ಕೆ ನಲವತ್ತು ಸಲ ಹೇಳ್ತಾಳೆ. ಕೃತಿ, ಹಾಗಲಕಾಯಿ ಗೊಜ್ಜು ಬೇಕಾ?"

"ನೇಯ್," ಎಂದಿತು ಒಳಗಿನ ಕೋಣೆ.

"ಕೇಳುಸ್ತಾ? ಕಲ್ತ್ಕೊಳ್ಳಿ."

ರಘುನಾಥ ಕಲಿಯುವುದಕ್ಕೆ ಹೋದದ್ದು ಬೇಸಿಲ್ ಡಿಸಿಲ್ವನ ಹತ್ತಿರ. ಬೇಸಿಲ್ ಉಡುಪಿ ಕಡೆಯವನು, ಊರಿನ ಕನ್ನಡ ಸಂಘದ ಕಾರ್ಯದರ್ಶಿ. ಅವನ ಅಪಾರ್ಟ್‌ಮೆಂಟಿನ ನೆಲಮಾಳಿಗೆಯ ಗೂಡಿನಲ್ಲಿ ಸಂಘದ ಸಮಸ್ತ ಆಸ್ತಿ ಇದೆ: ಒಂದು ಮೈಕು, ಒಂದು ನಾಡದೇವಿಯ ಪಟ, ಹನ್ನೊಂದು ಶಾಲು, ನಾಲ್ಕು ಮೈಸೂರು ಪೇಟ. ಯಾರಾದರೂ ಊರಿನಿಂದ ಗಣ್ಯರು ಬಂದರೆ ಬೇಕಾಗುತ್ತದೆಂದು ತರಿಸಿಟ್ಟದ್ದು. ಗಣ್ಯರು ಸ್ಟಾಕ್‌ಹೋಮಿನಿಂದಲೇ ವಾಪಸು ಹೋಗುತ್ತಾರೆ.

"ಅದಕ್ಕೆಂತ ಟೆನ್ಶನ್ ಸರ್?" ಎಂದ ಬೇಸಿಲ್. "ಒಂದು ಸನ್ಮಾನ ಮಾಡಿ ಬಿಡಿ."

"ಬೇಡ ಅಂತ ಹೇಳೋಕೆ ಸನ್ಮಾನವಾ?"

"ಮತ್ತೆಂತ! ನಮ್ಮ ದೊಡ್ಡಪ್ಪ ಹೈಸ್ಕೂಲ್ ಮೇಷ್ಟ್ರು. ರಿಟೈರ್ ಆಗಿ ಆರು ತಿಂಗಳಾದ್ರೂ ದಿನಾ ಶಾಲೆಗೆ ಹೋಗಿ ಸ್ಟಾಫ್ ರೂಮಲ್ಲಿ ಕೂತ್ಕೊಳ್ತಿದ್ರು. ಹೋಗಿ ಅಂತ ಹೇಳ್ಲಿಕ್ಕೆ ಹೆಡ್ಮಾಸ್ಟ್ರಿಗೆ ಬಾಯಿ ಬರ್ಲಿಲ್ಲ. ಕರ್ದು ಒಂದು ಶಾಲು, ಒಂದು ಪೇಟ, ಒಂದು ಬುಟ್ಟಿ ಮೂಸಂಬಿ. ಮಾರನೇ ದಿನದಿಂದ ದೊಡ್ಡಪ್ಪ ಶಾಲೆ ಗೇಟು ದಾಟ್ಲಿಲ್ಲ. ಶಾಲು ಬಿತ್ತು ಅಂದ್ರೆ ಫೈಲ್ ಕ್ಲೋಸ್ ಸರ್."

ರಘುನಾಥನಿಗೆ ತನ್ನ ತಂದೆಯ ಬ್ಯಾಂಕು, ಮಾವನ ಕೆಇಬಿ ಎಲ್ಲ ಕಣ್ಣಮುಂದೆ ಬಂದವು. ಹೌದಲ್ಲ. ನಮ್ಮಲ್ಲಿ ಇನ್ನೂ ಕೆಲಸ ಮಾಡಬೇಕಾದವನಿಗೆ ಯಾರೂ ಹಣ್ಣು ಕೊಡುವುದಿಲ್ಲ. ಅವನು ಗುನಿಲ್ಲಾಳಿಗೆ ಮೆಸೇಜು ಕಳಿಸಿದ: ಭಾನುವಾರ ಪಂದ್ಯ ಮುಗಿದ ಮೇಲೆ ಐಸಿನ ಮೇಲೆ, ನಮ್ಮ ಪದ್ಧತಿಯಂತೆ, ಗೌರವದಿಂದ ಕೆಂಟ್‌ಗೆ ವಿಷಯ ತಿಳಿಸುತ್ತೇನೆ. ಗುನಿಲ್ಲಾ ಹೆಬ್ಬೆಟ್ಟು ಎತ್ತಿದ ಚಿತ್ರ ಕಳಿಸಿದಳು. ತಾನು ಹೇಳಬೇಕಿಲ್ಲವಲ್ಲ ಎಂಬ ನೆಮ್ಮದಿಯಲ್ಲಿ ಅವಳು ಬೇರೇನನ್ನೂ ಕೇಳಲಿಲ್ಲ.

ಭಾನುವಾರ ಮುನ್ನೂರು ಜನ ಸೇರಿದ್ದರು. ಸೀಸನ್ನಿಗೆ ಮುಂಚಿನ ಆ ಅಭ್ಯಾಸ ಪಂದ್ಯವನ್ನು ಎಲ್ಮ್‌ಬಾಕಾ ಐದು ಗೋಲುಗಳಿಂದ ಸೋತಿತ್ತು. ಐಸಿನ ಮೇಲೆ ಕೆಂಪು ಕಾರ್ಪೆಟ್ ಹಾಸಿ, ಬೇಸಿಲ್ ಹಣ್ಣಿನ ಬುಟ್ಟಿ ಹಿಡಿದು ಜಾರದಂತೆ ಬಾತುಕೋಳಿಯ ಹಾಗೆ ನಡೆದು ಬಂದ. ಮೂಸಂಬಿ ಸಿಗದೆ ಸೇಬು, ದ್ರಾಕ್ಷಿ, ನಡುವೆ ಒಂದು ಅನಾನಸು. ಮೈಕಿನಲ್ಲಿ ಕೆಂಟ್ ಓಕರ್‌ಲುಂಡ್ ಹೆಸರು ಕೂಗಿದಾಗ ಪ್ರೇಕ್ಷಕರ ನಡುವೆ ಕೂತಿದ್ದ ಅಗಲ ಭುಜದ, ಅರ್ಧ ಬೋಳುತಲೆಯ ಮನುಷ್ಯ ಎದ್ದು, ಸ್ವಲ್ಪ ಕುಂಟುತ್ತ ಇಳಿದು ಬಂದ.

ರಘುನಾಥ ಮೊದಲು ಪೇಟ ತೊಡಿಸಿದ. ಆಮೇಲೆ ಶಾಲು ಬಿಡಿಸಿ ಹೆಗಲಿಗೆ ಹೊದಿಸಿದ. ಹಸಿರು ಶಾಲು, ಹಳದಿ ಅಂಚು.

ಇಲ್ಲಿ ಒಂದು ವಿಷಯ ಹೇಳಬೇಕು. ಸ್ವೀಡನ್ನಿನ ಹಾಕಿ ಕ್ಲಬ್ಬು ಹೊಸ ಆಟಗಾರನನ್ನು ಸೇರಿಸಿಕೊಂಡಾಗ ಅವನನ್ನು ಐಸಿನ ಮೇಲೆ ಕರೆದು, ಕೊರಳಿಗೆ ಕ್ಲಬ್ಬಿನ ಬಣ್ಣದ ಶಾಲು ಹಾಕಿ, ಫೋಟೋ ತೆಗೆಯುತ್ತಾರೆ. ಒಪ್ಪಂದವಾಯಿತು ಎಂಬುದಕ್ಕೆ ಅದೇ ಗುರುತು. ಎಲ್ಮ್‌ಬಾಕಾದ ಬಣ್ಣ ಹಸಿರು ಮತ್ತು ಹಳದಿ.

ಮುನ್ನೂರು ಜನ ಒಟ್ಟಿಗೆ ಎದ್ದರು. ಯಾರೋ ಡೋಲು ಬಡಿದರು. ರಘುನಾಥನಿಗೆ ಹೆಮ್ಮೆಯಾಯಿತು, ಸ್ವೀಡನ್ನಿನ ಜನಕ್ಕೆ ನಮ್ಮ ಸಂಸ್ಕೃತಿ ಇಷ್ಟು ಬೇಗ ಅರ್ಥವಾಗುತ್ತದೆಂದು ಅವನು ಎಣಿಸಿರಲಿಲ್ಲ. ಅವನು ಬಿನ್ನವತ್ತಳೆ ಓದತೊಡಗಿದ. ಏಳು ಪ್ಯಾರಾ. ಕನ್ನಡದಲ್ಲಿ ಬರೆದು ಸ್ವೀಡಿಷಿಗೆ ತಿರುಗಿಸಿಕೊಂಡದ್ದು. ಮೊದಲ ಪ್ಯಾರಾದಲ್ಲಿ ಕೆಂಟ್ ಹಿಮಲೋಕದ ಮಹಾರಥಿ. ಎರಡನೆಯದರಲ್ಲಿ ಹಾಕಿರತ್ನ. ಮೂರನೆಯದರಲ್ಲಿ, "ಈ ಐಸ್ ಇರುವ ತನಕ ನೀನು ನಮ್ಮವನು!"

ಛಾವಣಿ ಮತ್ತೆ ಕುಸಿಯಿತೇನೋ ಎಂಬಷ್ಟು ಗದ್ದಲ. ಇನ್ನು ನೀನು ಮನೆಯಲ್ಲಿ ಸುಖವಾಗಿ ವಿಶ್ರಾಂತಿ ತೆಗೆದುಕೊಳ್ಳಬೇಕು ಎಂಬ ವಾಕ್ಯ ಏಳನೆಯ ಪ್ಯಾರಾದಲ್ಲಿತ್ತು. ಸಭಿಕರು ಅಲ್ಲಿಯವರೆಗೆ ಹೋಗಗೊಡಲಿಲ್ಲ. ಕೆಂಟ್ ಅಳುತ್ತಿದ್ದ. ಸ್ಥಳೀಯ ಪತ್ರಿಕೆಯ ಹುಡುಗಿ ಮೈಕು ಚಾಚಿದಳು.

"ಹಾಗಾದರೆ ಕೆಂಟ್ ಈ ಸೀಸನ್ ನಮ್ಮವನಾ?"

"ಈ ಸೀಸನ್ ಏನು," ಎಂದ ರಘುನಾಥ ಉದಾರವಾಗಿ, "ಯಾವತ್ತಿಗೂ ನಮ್ಮವನೇ."

ಬೇಸಿಲ್ ಮಾತ್ರ ಬುಟ್ಟಿ ಹಿಡಿದುಕೊಂಡೇ ಮೆಲ್ಲಗೆ ಕೇಳಿದ: "ಸರ್, ಇವ್ರು ಇಷ್ಟು ಖುಷಿಯಾಗ್ಲಿಕ್ಕೆ ಕಾರಣ ಎಂತದು?"

ಕಾರಣ ಮರುದಿನ ಪತ್ರಿಕೆಯ ಮುಖಪುಟದಲ್ಲಿ ಬಂತು. ಮೈಸೂರು ಪೇಟ ತೊಟ್ಟ ಕೆಂಟ್, ಪಕ್ಕದಲ್ಲಿ ಹಲ್ಲು ಬಿಟ್ಟ ರಘುನಾಥ, ಮೇಲೆ ದಪ್ಪ ಅಕ್ಷರದಲ್ಲಿ 'ಮನೆಗೆ ಮರಳಿದ ಓಕರ್‌ಲುಂಡ್'.

ತುರ್ತು ಸಭೆ ಸೇರಿತು. ತುರ್ತು ಎಂದರೆ ನಾಲ್ಕು ದಿನದ ನಂತರ. ಅದಕ್ಕಿಂತ ಮುಂಚೆ ಒಂಬತ್ತು ಜನರ ಕ್ಯಾಲೆಂಡರಿನಲ್ಲಿ ಖಾಲಿ ಜಾಗ ಇರಲಿಲ್ಲ.

"ರಘು," ಎಂದಳು ಗುನಿಲ್ಲಾ, ತಪ್ಪು ಲೆಕ್ಕ ಮಾಡಿದ ಮಗುವಿನೊಡನೆ ಮಾತಾಡುವ ದನಿಯಲ್ಲಿ, "ಹೊಸ ಅಂಕಿಅಂಶ ಏನಾದರೂ ಸಿಕ್ಕಿತಾ? ಮಂಡಿಯ ಬಗ್ಗೆ?"

ರಘುನಾಥ ಸನ್ಮಾನದ ತತ್ವವನ್ನು ಆದಿಯಿಂದ ವಿವರಿಸಿದ. ಬ್ಯಾಂಕು, ಕೆಇಬಿ, ಬೇಸಿಲನ ದೊಡ್ಡಪ್ಪ.

"ನಿಮ್ಮ ದೇಶದಲ್ಲಿ," ಎಂದ ಬೋರ್ಯೆ, "ಒಬ್ಬನನ್ನು ಮನೆಗೆ ಕಳಿಸುವಾಗ ಕಿರೀಟ ಇಡುತ್ತಾರಾ?"

"ಹೌದು."

"ಕೆಲಸಕ್ಕೆ ಸೇರಿಸಿಕೊಳ್ಳುವಾಗ?"

"ಆಗ ಏನೂ ಇಲ್ಲ. ಐಡಿ ಕಾರ್ಡ್ ಕೊಡುತ್ತಾರೆ."

ಬೋರ್ಯೆ ಅದನ್ನು ಬರೆದುಕೊಂಡ. ಯಾಕೆಂದು ಅವನಿಗೂ ಗೊತ್ತಿರಲಿಲ್ಲ.

ಬಾಯಿಮಾತಿನ ಒಪ್ಪಂದವೂ ಒಪ್ಪಂದವೇ ಎಂದು ಗುನಿಲ್ಲಾ ತಿಳಿಸಿದಳು. ಮುನ್ನೂರು ಸಾಕ್ಷಿಗಳಿದ್ದಾರೆ. ಕೆಂಟ್ ತಾನಾಗಿ ಬಿಟ್ಟುಕೊಟ್ಟರೆ ಮಾತ್ರ ಉಳಿಗಾಲ. ಯಾರಾದರೂ ಹೋಗಿ ಅವನಿಗೆ ಹೇಳಬೇಕು. ಒಂಬತ್ತು ಜನ ಕಪ್ಪಿನೊಳಗೆ ನೋಡಿದರು.

ಕೆಂಟ್‌ನ ಮನೆ ಟೈರ್ ಅಂಗಡಿಯ ಹಿಂದೆಯೇ ಇತ್ತು. ರಘುನಾಥ ಬೆಲ್ ಒತ್ತಿದ. ಬಾಗಿಲು ತೆಗೆದ ಕೆಂಟ್‌ನ ತಲೆಯ ಮೇಲೆ ಪೇಟ ಇತ್ತು.

"ಮನೆಯಲ್ಲಿದ್ದಾಗ ಹಾಕಿಕೊಳ್ಳಬಹುದು, ಅಲ್ಲವಾ?" ಎಂದ ಕೆಂಟ್, ಸ್ವಲ್ಪ ನಾಚಿ. "ನಿಮ್ಮ ಧರ್ಮಕ್ಕೆ ಏನೂ ಆಗುವುದಿಲ್ಲ ತಾನೇ?"

"ಏನೂ ಆಗಲ್ಲ. ಕೆಂಟ್, ನಾನು ಬಂದದ್ದು ಭಾನುವಾರದ ವಿಷಯ—"

"ಒಳಗೆ ಬಾ. ಕಾಫಿ ಇಟ್ಟಿದ್ದೇನೆ." ಮೇಜಿನ ಮೇಲೆ ಹಣ್ಣಿನ ಬುಟ್ಟಿ ಹಾಗೇ ಇತ್ತು. "ಅನಾನಸು ಇನ್ನೂ ಕೊಯ್ದಿಲ್ಲ. ನನಗೆ ಹತ್ತು ವರ್ಷದಿಂದ ಯಾರೂ ಏನೂ ಕೊಟ್ಟಿಲ್ಲ, ಗೊತ್ತಾ. ಟೈರ್ ಕೊಡುತ್ತಾರೆ, ಬದಲಿಸಲು."

"ಕೆಂಟ್, ಒಂದು ಸಣ್ಣ ಗೊಂದಲ—"

"ಅಂಗಡಿಗೆ ಹೇಳಿಬಿಟ್ಟೆ. ಇನ್ನು ಮೇಲೆ ಅರ್ಧ ದಿನ ಮಾತ್ರ ಬರುತ್ತೇನೆ ಅಂತ. ಪ್ರಾಕ್ಟೀಸ್ ಇದೆಯಲ್ಲ. ಏನು ಗೊಂದಲ?"

ಇದೇ ಗಳಿಗೆ. ರಘುನಾಥನ ಬಾಯಿ ತೆರೆದಿತ್ತು. ಅದರೊಳಗೆ ಹೋಗಬೇಕಾದ ದಾಲ್ಚಿನ್ನಿ ಬನ್ನೊಂದು ಎದುರಿಗಿತ್ತು.

"ಜೆರ್ಸಿ ನಂಬರು," ಎಂದ ರಘುನಾಥ. "ಹಳೆಯ ನಂಬರೇ ಬೇಕಾ ಅಂತ ಕೇಳೋಕೆ ಬಂದೆ."

ಅವನು ನಾಲ್ಕು ಬನ್ನು ತಿಂದು ಮನೆಗೆ ಬಂದ. ಪಾವನಾ ಮುಖ ನೋಡಿಯೇ ತಿಳಿದುಕೊಂಡಳು.

"ಏನ್ ಹೇಳಿ ಬಂದ್ರಿ?"

"ಹತ್ತೊಂಬತ್ತು."

"ಏನು ಹತ್ತೊಂಬತ್ತು?"

"ನಂಬರು."

ಪಾವನಾ ಕೂತಳು. "ಆ ಸೋಲಾರ್‌ನವನು ಬೆಳಿಗ್ಗೆ ಫೋನ್ ಮಾಡಿದ್ದ," ಎಂದಷ್ಟೇ ಹೇಳಿದಳು.

ಮುಂದಿನದು ಕಾಗದದ ಮೇಲೆ ನಡೆಯಿತು. ಗುನಿಲ್ಲಾ ಬಾಯಿಮಾತನ್ನು ಲಿಖಿತ ಒಪ್ಪಂದ ಮಾಡಿ, ಮುಖ್ಯೋಪಾಧ್ಯಾಯಿನಿಯ ಜಾಣತನದಿಂದ ಒಂದು ಷರತ್ತು ಸೇರಿಸಿದಳು: ಜನವರಿ ಮೂವತ್ತೊಂದರೊಳಗೆ ಕೆಂಟ್ ಆಡಲು ಶಕ್ತನಲ್ಲವೆಂದು ತೋರಿದರೆ ಒಪ್ಪಂದ ಮುಗಿಯುತ್ತದೆ. ಕೆಂಟ್ ನಗುತ್ತ ಸಹಿ ಹಾಕಿದ. ಕೋಚ್ ಆನಿಕಾ ಸಂಬಳದ ಮಿತಿಯ ಹೊರಗೆ ಬಿದ್ದಳು. ನೋರ್‌ಶೋಪಿಂಗಿನ ಕ್ಲಬ್ಬೊಂದು ಅವಳನ್ನು ಕರೆದಿತ್ತು; ಫೆಬ್ರವರಿ ಒಂದರವರೆಗೆ ಉತ್ತರ ಕೊಡದೆ ಕಾಯುತ್ತೇನೆ ಎಂದಳು. ಒಂಬತ್ತು ಹುಡುಗಿಯರಲ್ಲಿ ಎಂಟು ಜನ ಇತರ ಆಟಗಳಿಗೆ ಚದುರಿದರು. ಕೃತಿ ಮಾತ್ರ ಗೋಲ್‌ಕೀಪರಿನ ದಪ್ಪ ಪ್ಯಾಡುಗಳನ್ನು ಕೋಣೆಯ ಬಾಗಿಲಿಗೆ ಅಡ್ಡವಾಗಿ ನಿಲ್ಲಿಸಿ, ಅವುಗಳ ಮೇಲಿಂದ ದಾಟಿ ಓಡಾಡುತ್ತಿದ್ದಳು. ಅಪ್ಪನೂ ದಾಟಬೇಕಿತ್ತು.

ಕನ್ನಡ ಸಂಘದಲ್ಲಿ ಈ ಸುದ್ದಿ ಬೇರೆ ರೂಪದಲ್ಲಿ ಹರಡಿತು. ರಘುನಾಥ ಒಂದು ಹಾಕಿ ಕ್ಲಬ್ಬನ್ನೇ ಕೊಂಡುಕೊಂಡಿದ್ದಾನೆ ಎಂದು ಕಾರ್ಲ್‌ಸ್ಕ್ರೂನಾದವರು ಫೋನು ಮಾಡಿ ಅಭಿನಂದಿಸಿದರು. ಒಬ್ಬರು ತಮ್ಮ ಭಾವಮೈದುನನಿಗೆ ಅಲ್ಲೇನಾದರೂ ಅಕೌಂಟ್ಸ್ ಕೆಲಸ ಸಿಗಬಹುದೇ ಎಂದು ಕೇಳಿದರು.

"ನೋಡೋಣ," ಎಂದ ರಘುನಾಥ.

ಅಕ್ಟೋಬರಿನಲ್ಲಿ ಸೀಸನ್ನಿನ ಮೊದಲ ಪಂದ್ಯಕ್ಕೆ ಒಂಬೈನೂರು ಜನ ಬಂದರು. ಕೆಂಟ್ ಐಸಿಗಿಳಿದ, ತಿರುಗಿದ, ಕೈಯೆತ್ತಿದ, ತೊಡೆಸಂದು ಹಿಡಿದುಕೊಂಡು ಕೂತುಬಿಟ್ಟ. ನಲವತ್ತು ಸೆಕೆಂಡು. ಬೋರ್ಯೆ ಲೆಕ್ಕ ಹಾಕಿದ: ಸೆಕೆಂಡಿಗೆ ಆರು ಸಾವಿರ ಕ್ರೋನಾ. ಗೋಲಿಗೆ ಎಷ್ಟು ಎಂಬುದಕ್ಕೆ ಎಕ್ಸೆಲ್ ಉತ್ತರ ಕೊಡಲು ನಿರಾಕರಿಸಿತು. ಸೊನ್ನೆಯಿಂದ ಭಾಗಿಸಲು ಅದಕ್ಕೆ ಬರುವುದಿಲ್ಲ.

ಡಿಸೆಂಬರಿನಲ್ಲಿ ಫಿಸಿಯೋಥೆರಪಿಸ್ಟ್ ಹೇಳಿದ, ಕೆಂಟ್ ವಾರಕ್ಕೊಂದು ಗಂಟೆ ಒಬ್ಬನೇ ನಿಧಾನವಾಗಿ ಸ್ಕೇಟ್ ಮಾಡಿ, ಮೆತ್ತಗೆ ಪಕ್ ಎಂಬ ರಬ್ಬರ್ ಬಿಲ್ಲೆಯನ್ನು ಹೊಡೆಯಬೇಕು. ಖಾಲಿ ಇದ್ದ ಗಂಟೆ ಒಂದೇ, ಶನಿವಾರ ಬೆಳಿಗ್ಗೆ ಎಂಟು. ಅದು ಹುಡುಗಿಯರ ಗಂಟೆ. ಹೊಡೆಯಲು ಎದುರಿಗೆ ಒಬ್ಬ ಗೋಲ್‌ಕೀಪರ್ ಬೇಕಿತ್ತು. ದೊಡ್ಡವರ ಗೋಲ್‌ಕೀಪರ್ ಶನಿವಾರ ಹತ್ತರ ಮುಂಚೆ ಏಳುವುದಿಲ್ಲ.

"ಕೃತಿ ಬರುತ್ತಾಳಾ?" ಎಂದು ಗುನಿಲ್ಲಾ ಫೋನು ಮಾಡಿದಳು. ರಘುನಾಥ ಏನೆಂದನೆಂದು ಬೇರೆ ಹೇಳಬೇಕಿಲ್ಲ.

ಹೀಗೆ ಆರು ಶನಿವಾರ, ಖಾಲಿ ರಿಂಕಿನಲ್ಲಿ ಇಬ್ಬರೇ. ಒಂದು ತುದಿಯಲ್ಲಿ ಹನ್ನೊಂದು ವರ್ಷದ ಹುಡುಗಿ, ಇನ್ನೊಂದರಿಂದ ನಿಧಾನಕ್ಕೆ ಬರುತ್ತಿದ್ದ ಹಾಕಿರತ್ನ. ರಘುನಾಥ ಮೇಲೆ ಕಾಫಿ ಹಿಡಿದು ಕೂತಿರುತ್ತಿದ್ದ. ಪ್ರತಿ ಶನಿವಾರ ಮಧ್ಯಾಹ್ನ ಊಟಕ್ಕೆ ಕೂತಾಗ ಕೃತಿಯ ವರದಿ ಸ್ವೀಡಿಷಿನಲ್ಲಿ ಬರುತ್ತಿತ್ತು. ಅವನು ಬಹಳ ಕೆಟ್ಟದಾಗಿ ಆಡುತ್ತಾನೆ. ತಿರುಗೋಕೇ ಆಗಲ್ಲ. ಪಕ್ ನನ್ನವರೆಗೆ ಬರೋದೇ ಇಲ್ಲ, ನಾನೇ ಹೋಗಿ ತರಬೇಕು.

ಆರು ಶನಿವಾರದ ವರದಿಗಳನ್ನು ಕೇಳಿ ರಘುನಾಥನಲ್ಲಿ ಒಂದು ಆಸೆ ಚಿಗುರಿತು. ಷರತ್ತು ಇದೆ. ಸಾಕ್ಷಿ ಮನೆಯಲ್ಲೇ ಇದ್ದಾಳೆ. ಈ ಸಲ ಅವನು ಬಾಯಿ ತೆರೆಯಬೇಕಾಗಿಯೇ ಇಲ್ಲ.

"ಅವಳನ್ನ ಕೇಳ್ಲಿ ಸಾಕು," ಎಂದಳು ಪಾವನಾ ಕೂಡ, ತಿಂಗಳುಗಳಲ್ಲಿ ಮೊದಲ ಬಾರಿ ನಕ್ಕು. "ನಿಮ್ಮ ಹಾಗಲ್ಲ ಅವಳು. ಕತ್ತರಿಸಿದ ಹಾಗೆ ಹೇಳ್ತಾಳೆ."

ಜನವರಿ ಮೂವತ್ತೊಂದು ಶನಿವಾರವೇ ಬಂತು. ಗುನಿಲ್ಲಾ ಟೊಪ್ಪಿ, ಕೈಗವಸು ಹಾಕಿ, ನೋಟ್‌ಬುಕ್ಕು ಹಿಡಿದು ರಿಂಕಿನ ಬದಿಯಲ್ಲಿ ನಿಂತಳು. ಹಿಂದೆ ಬೋರ್ಯೆ. ಅವನ ಫೋನಿನಲ್ಲಿ ಆನಿಕಾಳ ನಂಬರು ತೆರೆದೇ ಇತ್ತು. ಒಂದು ಮಾತು ಬಂದರೆ ಒತ್ತುವುದಷ್ಟೇ ಬಾಕಿ. ಗಂಟೆ ಮುಗಿಯಿತು. ಕೆಂಟ್ ಬಂದು ಬೆಂಚಿನ ಮೇಲೆ ಕೂತು ಸ್ಕೇಟಿನ ದಾರ ಬಿಚ್ಚಲು ಬಗ್ಗಿದ. ಅರ್ಧಕ್ಕೆ ನಿಂತು ಉಸಿರು ತೆಗೆದುಕೊಂಡ. ಮತ್ತೆ ಬಗ್ಗಿದ. ಕೈ ದಾರದವರೆಗೆ ಹೋಗಲಿಲ್ಲ. ಯಾರೂ ನೋಡಲಿಲ್ಲವೆಂಬಂತೆ ಮಂಡಿ ಒರೆಸಿಕೊಂಡ.

"ಕೃತಿ," ಎಂದಳು ಗುನಿಲ್ಲಾ. "ಆರು ವಾರ ನೀನೇ ಹತ್ತಿರದಿಂದ ನೋಡಿದ್ದೀಯ. ನಿಜ ಹೇಳು. ಕೆಂಟ್‌ನ ಹೊಡೆತ ಹೇಗಿದೆ?"

ರಘುನಾಥ ಕಣ್ಣು ಮುಚ್ಚಿಕೊಂಡ. ಕೆಂಟ್ ತಲೆಯೆತ್ತಿದ.

ಕೃತಿ ಮುಖದ ಕವಚ ಮೇಲಕ್ಕೆ ಸರಿಸಿ ಕೆಂಟ್‌ನನ್ನು ನೋಡಿದಳು. ಅವನು ಸ್ವಲ್ಪ ನಕ್ಕ.

"ಬ್ರಾ," ಎಂದಳು ಕೃತಿ ಸ್ವೀಡಿಷಿನಲ್ಲಿ. ಚೆನ್ನಾಗಿದೆ. ಅಷ್ಟು ಸಾಲದೆಂದೋ ಏನೋ ಸೇರಿಸಿದಳು, "ಇವತ್ತು ಎರಡು ಗೋಲು ಹಾಕಿದ್ರು."

ಗುನಿಲ್ಲಾ ಬರೆದುಕೊಂಡಳು. ಬೋರ್ಯೆ ಫೋನು ಜೇಬಿಗಿಟ್ಟ.

ಮನೆಗೆ ಹೊರಟ ಕಾರು ಊರೊಳಗಿನ ಸಿಗ್ನಲ್ಲಿನಲ್ಲಿ ನಿಂತಾಗ ರಘುನಾಥ ಕೇಳಿದ.

"ನಾನು ಮೇಲಿಂದ ನೋಡ್ತಿದ್ದೆ ಪುಟ್ಟಿ. ಆ ಎರಡೂ ನೀನೇ ಬಿಟ್ಟೆ. ಯಾಕೆ? ನಿನ್ ಟೀಮ್ ಹೋಯ್ತಲ್ಲ."

ಮನೆಯಲ್ಲಿ ಕನ್ನಡ ಕೇಳಿ ಸ್ವೀಡಿಷಿನಲ್ಲಿ ಉತ್ತರಿಸುವ ಹುಡುಗಿ ಕಿಟಕಿಯ ಹೊರಗೆ ನೋಡುತ್ತ ಅಚ್ಚ ಕನ್ನಡದಲ್ಲಿ ಹೇಳಿದಳು:

"ಎದುರಿಗೇ ಕೂತಿದ್ರಲ್ಲ ಪಪ್ಪಾ. ಹೆಂಗೆ ಹೇಳೋದು?"

ಸಿಗ್ನಲ್ ಹಸಿರಾಯಿತು. ಹಿಂದಿನ ಕಾರಿನವನು ಹಾರ್ನ್ ಮಾಡದೆ, ಸ್ವೀಡನ್ನಿನವರು ಕಾಯುವಂತೆ, ಸುಮ್ಮನೆ ಕಾದ.